ಗೋಡೆಯ ಮೇಲೆ ಬರೆಯದ ಪಗಾರ

ಬೆಳಗಾವಿ ಜಿಲ್ಲೆಯ ಹಿಡಕಲ್ಲಿಗೆ ಬರುವವರಲ್ಲಿ ಬಹಳಷ್ಟು ಜನ ಅಣೆಕಟ್ಟಿನ ಗೇಟು ನೋಡಲು ಬರುತ್ತಾರೆ. ಬೇಸಿಗೆಯಲ್ಲಿ ಹಿನ್ನೀರು ಇಳಿದರೆ ಮುಳುಗಿದ ಹುನ್ನೂರಿನ ವಿಠ್ಠಲನ ಗುಡಿ ಹೊರಗೆ ಕಾಣುತ್ತದೆ, ಅದಕ್ಕೂ ಜನ ಸೇರುತ್ತಾರೆ. ನಾನು ಹೋದದ್ದು ಒಂದು ಸರಕಾರಿ ಕನ್ನಡ ಶಾಲೆ ನೋಡಲು. ಊರಿನ ಹೆಸರು, ಶಾಲೆಯ ಹೆಸರು ಎರಡೂ ಬರೆಯುವುದಿಲ್ಲ ಎಂದು ಮೊದಲೇ ಮಾತು ಕೊಟ್ಟಿದ್ದೆ. ಹುಕ್ಕೇರಿ ತಾಲ್ಲೂಕಿನ ಸೀಮೆಯೊಳಗೆ, ಗೋಕಾಕದ ಕಡೆ ಹೋಗುವ ಬಸ್ಸು ಸಿಗುವಷ್ಟು ಹತ್ತಿರದಲ್ಲಿ, ಮೂರು ಕಡೆ ಕಬ್ಬು ಬೆಳೆದ ಒಂದು ಶಾಲೆ ಎಂದರೆ ಸಾಕು. ಇಂಥ ಶಾಲೆಗೆ ದುಡ್ಡು ಯಾವ ಯಾವ ದಾರಿಯಿಂದ ಬರುತ್ತದೆ, ಬಂದದ್ದು ಎಲ್ಲಿ ಕಾಣುತ್ತದೆ ಎಂಬುದನ್ನು ನಡೆದುಕೊಂಡೇ ನೋಡಬೇಕೆನಿಸಿತ್ತು.

ಬಸ್ಸಿಳಿದರೆ ದೂರದಲ್ಲಿ ಅಣೆಕಟ್ಟಿನ ಗೆರೆ. 1977ರಲ್ಲಿ ಕೆಲಸ ಮುಗಿದ, 51 ಟಿಎಂಸಿ ನೀರು ಹಿಡಿಯುವ ಈ ಜಲಾಶಯಕ್ಕೆ ವಂಟಮೂರಿಯ ರಾಜಾ ಲಖಮಗೌಡರ ಹೆಸರಿದೆ. ಅದೇ ಹೆಸರು ಬೆಳಗಾವಿಯ ವಿಜ್ಞಾನ ಕಾಲೇಜಿನ ಮೇಲೂ ಇದೆ, ಕಾನೂನು ಕಾಲೇಜಿನ ಮೇಲೂ ಇದೆ. 1916ರಲ್ಲಿ ಏಳು ಜನ ಶಿಕ್ಷಕರು ಸೇರಿ ಬೆಳಗಾವಿಯಲ್ಲಿ ಒಂದು ಶಾಲೆ ತೆರೆದರು. ಅದು ಮುಂದೆ ಕೆಎಲ್‌ಇ ಸಂಸ್ಥೆಯಾಯಿತು. ಅದನ್ನು ಬೆಳೆಸಿ ನಿಲ್ಲಿಸಿದ್ದು ಆ ಶಿಕ್ಷಕರ ದುಡಿಮೆಯೂ ಹೌದು, ಲಖಮಗೌಡರಂಥ ಜಮೀನುದಾರರ ದಾನವೂ ಹೌದು. ಶಾಲೆಯೆಂದರೆ ದಾನಿಯ ಹೆಸರು ಎಂಬ ನೆನಪು ಈ ಭಾಗದಲ್ಲಿ ಗಟ್ಟಿಯಾಗಿ ಉಳಿದಿದೆ. ನಾನು ನೋಡಹೊರಟ ಶಾಲೆಯ ಗೇಟಿನಲ್ಲೇ ಅದು ಗೊತ್ತಾಯಿತು.

ಗೇಟಿನ ಮೇಲೆ ಸಿಮೆಂಟಿನ ಕಮಾನು. ಕಮಾನಿನ ಮೇಲೆ ಶಾಲೆಯ ಹೆಸರಿಗಿಂತ ತುಸು ದೊಡ್ಡದಾಗಿ ಕಟ್ಟಿಸಿಕೊಟ್ಟವರ ತಂದೆ-ತಾಯಿಯ ಹೆಸರು. ಒಳಗೆ ಕಾಲಿಟ್ಟ ಕೂಡಲೇ ಎಡಕ್ಕೆ ಕಂಪೌಂಡಿನ ಪಕ್ಕ ನರೇಗಾ ಯೋಜನೆಯ ಫಲಕ: ಕಾಮಗಾರಿ, ಅಂದಾಜು ಮೊತ್ತ, ಕೂಲಿ ಇಷ್ಟು, ಸಾಮಗ್ರಿ ಇಷ್ಟು. ಮೊತ್ತದ ಅಂಕಿಗಳ ಮೇಲೆ ಯಾರೋ ಹುಡುಗರು ಕ್ರಿಕೆಟ್ ಚೆಂಡು ಹೊಡೆದು ಬಣ್ಣ ಉದುರಿಸಿದ್ದರು. ಮೊದಲ ಅಂಕಿ ಮೂರೋ ಎಂಟೋ ತಿಳಿಯಲಿಲ್ಲ. ಮುಂದೆ ನಡೆದರೆ ಧ್ವಜದ ಕಟ್ಟೆ, ಅದಕ್ಕೂ ಒಂದು ಹೆಸರು. ನೀರಿನ ಸಿಂಟೆಕ್ಸ್ ಟ್ಯಾಂಕಿಗೆ ಹಳೆಯ ವಿದ್ಯಾರ್ಥಿಗಳ ಒಂದು ಬ್ಯಾಚಿನ ಹೆಸರು. ಮೂರು ಕೋಣೆಗಳ ಹೊರಗೋಡೆಗೆ ರೈಲಿನ ಡಬ್ಬಿಯಂತೆ ಬಣ್ಣ ಬಳಿದಿದ್ದಾರೆ. ಕಿಟಕಿ, ಚಕ್ರ, ಬಾಗಿಲು ಎಲ್ಲ ಇವೆ. ಘಟಪ್ರಭಾ ಸ್ಟೇಷನ್ನಿನಲ್ಲಿ ನಿಜವಾದ ರೈಲು ನೋಡಿದ ಮಕ್ಕಳಿಗೆ ಇದು ಎಷ್ಟು ರುಚಿಸುತ್ತದೋ, ಕೇಳಲಿಲ್ಲ.

ಮುಖ್ಯ ಗುರುಗಳು ಪಡಸಾಲೆಗೆ ಬಂದು ಬರಮಾಡಿಕೊಂಡರು. “ಎಲ್ಲಾ ನೋಡ್ರಿ ಸರ, ಮುಚ್ಚಿಡೋದು ಏನೂ ಇಲ್ಲ. ಹೆಸರ ಒಂದ ಹಾಕಬ್ಯಾಡ್ರಿ” ಎಂದರು. ಅವರೂ ಜೊತೆಗೆ ಬಂದರು. ಪಾಠ ನಿಲ್ಲಿಸಬೇಡಿ ಎಂದೆ. “ಇವತ್ತ ನನ್ನ ಕ್ಲಾಸ್ ಅಕ್ಕೋರು ನೋಡ್ಕೊಂತಾರ್ರಿ” ಎಂದರು. ಆ ಅಕ್ಕೋರು ಯಾರೆಂದು ಆಮೇಲೆ ಗೊತ್ತಾಯಿತು.

ಪಡಸಾಲೆಯ ಮೂಲೆಯಲ್ಲಿ ವಿದ್ಯುತ್ ಮೀಟರಿನ ಹಲಗೆ. ಈ ತಾಲ್ಲೂಕಿನ ಹೊರಗಿನವರಿಗೆ ಇದು ಸ್ವಲ್ಪ ವಿಶೇಷ. ಬೆಳಗಾವಿ ಜಿಲ್ಲೆಯ ಉಳಿದ ಕಡೆ ಹೆಸ್ಕಾಂ ಕರೆಂಟು ಕೊಟ್ಟರೆ, ಹುಕ್ಕೇರಿ ತಾಲ್ಲೂಕಿಗೆ 1969ರಿಂದ ಇಲ್ಲಿಯದೇ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಕೊಡುತ್ತದೆ. ಕರೆಂಟ್ ಬಿಲ್ಲು ಬಹುಕಾಲ ಮುಖ್ಯ ಗುರುಗಳ ತಲೆನೋವಾಗಿತ್ತು. ಶಾಲಾ ಅನುದಾನದ ಚಿಲ್ಲರೆಯಲ್ಲೇ ಅದನ್ನೂ ಕಟ್ಟಬೇಕು, ಕಟ್ಟದಿದ್ದರೆ ಫ್ಯೂಸು ಕಿತ್ತುಕೊಂಡು ಹೋಗುತ್ತಾರೆ. 2023ರ ರಾಜ್ಯೋತ್ಸವದ ದಿನ ಸರಕಾರಿ ಶಾಲೆಗಳಿಗೆ ಕರೆಂಟು, ನೀರು ಉಚಿತ ಎಂದು ಮುಖ್ಯಮಂತ್ರಿ ಘೋಷಿಸಿದರು. ಶಾಲೆಯ ಖರ್ಚಿನ ಬಗ್ಗೆ ಇತ್ತೀಚಿನ ವರ್ಷಗಳಲ್ಲಿ ಕೇಳಿದ ಮಾತುಗಳಲ್ಲಿ ನನಗೆ ಅತ್ಯಂತ ಸರಳವಾಗಿ ಕಂಡದ್ದು ಇದೇ. ಇದಕ್ಕೆ ಎಲ್ಲೂ ಫಲಕ ಇಲ್ಲ.

ಮೊದಲ ಕೋಣೆ ನಲಿ-ಕಲಿ. ಒಂದು, ಎರಡು, ಮೂರನೇ ಇಯತ್ತೆಯ ಮಕ್ಕಳು ಒಟ್ಟಿಗೆ ನೆಲಕ್ಕೆ ಹತ್ತಿರದ ದುಂಡು ಮೇಜುಗಳ ಸುತ್ತ ಕೂತಿದ್ದರು. ತಲೆಯ ಮೇಲೆ ದಾರ ಕಟ್ಟಿ ಚಪ್ಪರ ಮಾಡಿ ಮಕ್ಕಳು ಬರೆದ ಚಿತ್ರ ತೂಗುಹಾಕಿದ್ದಾರೆ, ಗೋಡೆಗೆ ಕಲಿಕೆಯ ಏಣಿ. ಮೊದಲೆಲ್ಲ ಸರ್ವ ಶಿಕ್ಷಣ ಅಭಿಯಾನದಲ್ಲಿ ಪಾಠೋಪಕರಣ ಮಾಡಿಕೊಳ್ಳಲು ಪ್ರತಿ ಶಿಕ್ಷಕರಿಗೆ ವರ್ಷಕ್ಕೆ 500 ರೂಪಾಯಿ ಬರುತ್ತಿತ್ತು. ಆ ಅನುದಾನದ ಕಾಲದಲ್ಲಿ ಮಾಡಿದ ರಟ್ಟಿನ ಗಡಿಯಾರವೊಂದು ಮೊಳೆಯಲ್ಲಿ ತೂಗುತ್ತಿತ್ತು. ಮುಳ್ಳು ಬದಲಾಗಿದೆ, ರಟ್ಟು ಅದೇ.

ಎರಡನೆಯದು ಹಳೆಯ ಕಲ್ಲಿನ ಕೋಣೆ. ಗೋಡೆ ಒಂದೂವರೆ ಅಡಿ ದಪ್ಪ, ಮೇಲೆ ಹಂಚು. ಬಾಗಿಲ ಮೇಲಿನ ಕಲ್ಲಿನಲ್ಲಿ ಇಸವಿ ಕೆತ್ತಿದ್ದಾರೆ, ಆದರೆ ವರ್ಷವರ್ಷ ಸುಣ್ಣ ಬಳಿದು ಬಳಿದು ಅಕ್ಷರ ತುಂಬಿಹೋಗಿವೆ. ಬೆರಳಾಡಿಸಿದರೂ ಓದಲಾಗಲಿಲ್ಲ. ‘ಮುಂಬೈ ಸರಕಾರ ಇದ್ದಾಗಿಂದು’ ಎಂದರು ಮುಖ್ಯ ಗುರುಗಳು. ಇರಬಹುದು, 1956ರವರೆಗೆ ಈ ಸೀಮೆ ಮುಂಬೈ ಆಡಳಿತದಲ್ಲೇ ಇತ್ತು. ಮುಂಬೈ ಪ್ರಾಂತ್ಯದಲ್ಲಿ 1860ರ ದಶಕದಿಂದ ಭೂಕಂದಾಯದ ಪ್ರತಿ ರೂಪಾಯಿಗೆ ಒಂದಾಣೆ ಸೆಸ್ ಎತ್ತಿ, ಅದರಲ್ಲಿ ಮೂರನೇ ಒಂದು ಪಾಲನ್ನು ಶಾಲೆಗೆ ಇಡುತ್ತಿದ್ದರು. ಹಳ್ಳಿ ಮಾಸ್ತರರ ಪಗಾರ ಆ ಪಾಲಿನಿಂದ. ಜೋಳ ಬೆಳೆಯುವ ರೈತನಿಗೆ ತನ್ನ ಎಷ್ಟು ಪೈಸೆ ಮಾಸ್ತರರಿಗೆ ಹೋಗುತ್ತದೆಂದು ಬಾಯಿಲೆಕ್ಕ ಹಾಕಬಹುದಿತ್ತು. ಈಗ ಆದಾಯ ತೆರಿಗೆಯ ಮೇಲೆ ನಾಲ್ಕು ಶೇಕಡಾ ಶಿಕ್ಷಣ-ಆರೋಗ್ಯ ಸೆಸ್ ಇದೆ. ಅದು ಯಾವ ಹಳ್ಳಿಯ ಯಾವ ಕೋಣೆಗೆ ಬಂತು ಎಂದು ಯಾರ ಬಾಯಿಲೆಕ್ಕಕ್ಕೂ ಸಿಗುವುದಿಲ್ಲ. ಈ ಕಲ್ಲಿನ ಕೋಣೆಯಲ್ಲಿ ಈಗ ಪಾಠ ನಡೆಯುವುದಿಲ್ಲ. ಮುರಿದ ಡೆಸ್ಕು, ಹಳೆಯ ಪಠ್ಯಪುಸ್ತಕದ ಗಂಟು, ಚುನಾವಣೆಯ ಮತಗಟ್ಟೆ ಸಂಖ್ಯೆ ಬರೆದ ಗೋಡೆ.

ಅದರ ಪಕ್ಕದ್ದು ಹೊಸ ಕೋಣೆ, 2022ರಲ್ಲಿ ಶುರುವಾದ ‘ವಿವೇಕ’ ಯೋಜನೆಯದು. ಈ ಕೋಣೆಗಳಿಗೆ ಬಳಿಯುವ ಬಣ್ಣದ ಗದ್ದಲ ಆಗ ಪತ್ರಿಕೆ ತುಂಬ ಇತ್ತು, ಇಲ್ಲಿ ಯಾರಿಗೂ ಅದರ ನೆನಪಿಲ್ಲ. ಕೋಣೆ ಚೆನ್ನಾಗಿದೆ, ಗಾಳಿ ಬೆಳಕು ಇದೆ. ಶಾಸಕರ ಹೆಸರಿನ ಕಲ್ಲೂ ಇದೆ.

ಊಟದ ವಾಸನೆ ಬರತೊಡಗಿತ್ತು, ಅಡುಗೆ ಕೋಣೆಗೆ ಹೋದೆವು. ಇಬ್ಬರು ಹೆಂಗಸರು. ಒಬ್ಬರು ಮೊಟ್ಟೆ ಸುಲಿಯುತ್ತಿದ್ದರು, ಮತ್ತೊಬ್ಬರು ಸಾಂಬಾರಿಗೆ ಒಗ್ಗರಣೆ ಹಾಕುತ್ತಿದ್ದರು. ಕಡಾಯಿ, ಗ್ಯಾಸು, ಹಾಲಿನ ಪುಡಿಯ ಪ್ಯಾಕೆಟ್ಟು, ಮೂಲೆಯಲ್ಲಿ ರಾಗಿ ಮಾಲ್ಟಿನ ಡಬ್ಬ. ಇಡೀ ಶಾಲೆಯಲ್ಲಿ ದುಡ್ಡಿನ ದಾರಿ ಅತಿ ಹೆಚ್ಚು ಕವಲೊಡೆಯುವುದು ಈ ಕೋಣೆಯಲ್ಲೇ. ಅಕ್ಕಿ ಕೇಂದ್ರದ್ದು. ಅಡುಗೆಯ ಖರ್ಚು ಕೇಂದ್ರ-ರಾಜ್ಯ ಎರಡರದ್ದು: 2025ರ ಮೇ ತಿಂಗಳಿಂದ ಕಿರಿಯ ಮಗುವಿಗೆ ದಿನಕ್ಕೆ 6 ರೂಪಾಯಿ 78 ಪೈಸೆ, ಆರನೇ ಇಯತ್ತೆಯಿಂದ ಮೇಲೆ 10 ರೂಪಾಯಿ 17 ಪೈಸೆ. ಹಾಲು 2013ರ ಕ್ಷೀರಭಾಗ್ಯದ್ದು. ಮೊಟ್ಟೆ ವಾರಕ್ಕೆ ಎರಡು ದಿನ ರಾಜ್ಯದ್ದು, ಉಳಿದ ನಾಲ್ಕು ದಿನ 2024ರಿಂದ ಒಂದು ದೊಡ್ಡ ಖಾಸಗಿ ಪ್ರತಿಷ್ಠಾನದ್ದು. ಒಂದೇ ತಟ್ಟೆಗೆ ನಾಲ್ಕು ಖಾತೆ.

ಮೊಟ್ಟೆಗೆ ಕೊಡುವುದು 6 ರೂಪಾಯಿ. ಕೊಳ್ಳುವುದು, ತರುವುದು, ಬೇಯಿಸುವುದು, ಸುಲಿಯುವುದು ಎಲ್ಲ ಅದರೊಳಗೇ. ಪೇಟೆಯಲ್ಲಿ ದರ ಏರಿದಾಗ ಏನು ಮಾಡುತ್ತೀರಿ ಎಂದೆ. ಮುಖ್ಯ ಗುರುಗಳು ಕಿಸೆ ಮುಟ್ಟಿ ತೋರಿಸಿದರು, ಮಾತಾಡಲಿಲ್ಲ. ಇದನ್ನು ರಾಜ್ಯದ ಎಷ್ಟೋ ಕಡೆಯ ಶಿಕ್ಷಕರಿಂದ ಕೇಳಿದ್ದೇನೆ, ಹಾಗಾಗಿ ಆಶ್ಚರ್ಯವಾಗಲಿಲ್ಲ.

ಅಡುಗೆಯ ಅಕ್ಕನ ಗೌರವಧನ 2025ರ ಬಜೆಟ್ಟಿನಲ್ಲಿ ಒಂದು ಸಾವಿರ ಏರಿತು. ಮುಖ್ಯ ಅಡುಗೆಯವರಿಗೆ 3,700 ಇದ್ದದ್ದು 4,700 ಆಯಿತು. ತಿಂಗಳಿಗೆ 24 ದಿನ ಶಾಲೆ ಎಂದುಕೊಂಡರೆ ದಿನಕ್ಕೆ ಸುಮಾರು 196 ರೂಪಾಯಿ. ಹೊರಗೆ ಕಂಪೌಂಡಿನ ಫಲಕದಲ್ಲಿದ್ದ ಅದೇ ನರೇಗಾ ಕೂಲಿ ಆ ವರ್ಷ ಕರ್ನಾಟಕದಲ್ಲಿ ದಿನಕ್ಕೆ 370. ಅಡುಗೆ ಪೂರ್ತಿ ದಿನದ ಕೆಲಸವಲ್ಲ ಎಂದು ಹೇಳುವವರಿದ್ದಾರೆ. ಬೆಳಿಗ್ಗೆ ಹಾಲು ಕಾಯಿಸುವುದರಿಂದ ಮಧ್ಯಾಹ್ನ ಪಾತ್ರೆ ತಿಕ್ಕಿ ಮುಗಿಸುವವರೆಗೆ ಎಣಿಸಿದರೆ ಆ ಮಾತು ಎಷ್ಟು ನಿಲ್ಲುತ್ತದೆ ಎಂಬ ಅನುಮಾನ ನನಗಿದೆ. ಆ ಹೊತ್ತಿನಲ್ಲಿ ಕಬ್ಬಿನ ಗದ್ದೆಗೆ ಹೋದರೆ ಹೆಚ್ಚು ಸಿಗುತ್ತದಲ್ಲ ಎಂದು ಕೇಳಿದೆ. “ಸಿಗ್ತದ್ರಿ. ಆದರ ನನ್ನ ಮಗಳು ಇಲ್ಲೇ ಐದನೇತ್ತಾ ಅದಾಳ” ಎಂದು ಅವರು ಒಗ್ಗರಣೆ ತಿರುವಿದರು.

ಮುಖ್ಯ ಗುರುಗಳ ಕೋಣೆಯಲ್ಲಿ ನಾನು ಹೆಚ್ಚು ಹೊತ್ತು ಕೂತೆ. ಗೋಡೆಗೆ ಮಕ್ಕಳ ಸಂಖ್ಯೆಯ ಕಪ್ಪು ಹಲಗೆ, ಮಂಜೂರಾದ ಹುದ್ದೆ-ಭರ್ತಿ-ಖಾಲಿ ಎಂಬ ಮೂರು ಮನೆಯ ಪಟ್ಟಿ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯರ ಪಟ್ಟಿ. ಮಕ್ಕಳ ಒಟ್ಟು ಸಂಖ್ಯೆ ನೂರಕ್ಕೆ ಮೂರು ಕಡಿಮೆ. ಆ ಅಂಕಿಯತ್ತ ನಾನು ನೋಡುವುದನ್ನು ಕಂಡು ಅವರೇ ಮಾತು ತೆಗೆದರು. ಸಮಗ್ರ ಶಿಕ್ಷಣದ ಶಾಲಾ ಅನುದಾನ ಮಕ್ಕಳ ಸಂಖ್ಯೆಯ ಮೇಲೆ ನಿಂತಿದೆ. 30ರೊಳಗಿದ್ದರೆ ವರ್ಷಕ್ಕೆ 10 ಸಾವಿರ, 100ರವರೆಗೆ 25 ಸಾವಿರ, 250ರವರೆಗೆ 50 ಸಾವಿರ, ಸಾವಿರದವರೆಗೆ 75 ಸಾವಿರ, ಅದರಾಚೆ ಒಂದು ಲಕ್ಷ. ಈ ಹಣದಲ್ಲಿ ಕೇಂದ್ರದ ಪಾಲು ನೂರಕ್ಕೆ 60, ರಾಜ್ಯದ್ದು 40. ಬಂದದ್ದರಲ್ಲಿ ಹತ್ತನೇ ಒಂದು ಪಾಲು ಸ್ವಚ್ಛತೆಗೆ ಎತ್ತಿಡಬೇಕು.

97 ಮಕ್ಕಳ ಈ ಶಾಲೆಗೆ ಹಾಗಾಗಿ 25 ಸಾವಿರ. ಇನ್ನು ನಾಲ್ಕು ಮಕ್ಕಳು ಹೆಚ್ಚಿದ್ದರೆ 50 ಸಾವಿರ. ಆ ನಾಲ್ಕು ಮಕ್ಕಳು ಹೆಚ್ಚಾದರೆ ಸೀಮೆಸುಣ್ಣ ದುಪ್ಪಟ್ಟು ಬೇಕಾಗುವುದಿಲ್ಲ, ಇಲ್ಲದಿದ್ದರೆ ಅರ್ಧಕ್ಕೆ ಸಾಲುವುದೂ ಇಲ್ಲ. ಕಸಬರಿಗೆ, ಫಿನಾಯಿಲ್, ರಿಜಿಸ್ಟರು, ನಲ್ಲಿ ರಿಪೇರಿ, ಆಗಸ್ಟ್ 15ರ ಸಿಹಿ ಎಲ್ಲ ಸೇರಿ ತಿಂಗಳಿಗೆ ಎರಡು ಸಾವಿರದಷ್ಟು ಸಿಗುತ್ತದೆ. ಸಂಖ್ಯೆ ಲೆಕ್ಕಕ್ಕೆ ಹಿಡಿಯುವುದು ಸೆಪ್ಟೆಂಬರ್ 30ರ ಯು-ಡೈಸ್ ಮಾಹಿತಿಯಿಂದ. ಕಬ್ಬು ಕಡಿಯಲು ಬರುವ, ಹೋಗುವ ಮನೆಗಳಿರುವ ಈ ಸೀಮೆಯಲ್ಲಿ ಆ ದಿನದ ಸಂಖ್ಯೆ ಒಂದು, ಡಿಸೆಂಬರ್ ಸಂಖ್ಯೆ ಇನ್ನೊಂದು. ಅಷ್ಟರಲ್ಲೇ ಕಿಟಕಿಯಾಚೆ ಇಂಗ್ಲಿಷ್ ಮಾಧ್ಯಮದ ಹಳದಿ ವ್ಯಾನೊಂದು ಹೋಯಿತು. “ಆ ಗಾಡ್ಯಾಗ ನಮ್ಮ ನಾಕ್ ಹುಡುಗ್ರು ಅದಾವ್ರಿ” ಎಂದು ಅವರು ನಕ್ಕರು. ನಾಲ್ಕು ಎಂಬುದು ಲೆಕ್ಕವೋ ತಮಾಷೆಯೋ ಗೊತ್ತಾಗಲಿಲ್ಲ.

ಪೋಷಕರಿಂದ ಕೇಳಬಹುದಲ್ಲ ಎಂದರೆ ಅವರು 2022ರ ಅಕ್ಟೋಬರ್ ನೆನಪಿಸಿದರು. ತಿಂಗಳಿಗೆ ನೂರು ರೂಪಾಯಿಯಂತೆ ಸ್ವಇಚ್ಛೆಯ ದೇಣಿಗೆ ಪಡೆಯಲು ಎಸ್‌ಡಿಎಂಸಿಗಳಿಗೆ ಇಲಾಖೆ ಅವಕಾಶ ಕೊಟ್ಟು ಸುತ್ತೋಲೆ ಹೊರಡಿಸಿತು. ಟೀಕೆ ಎದ್ದು ಕೆಲವೇ ದಿನದಲ್ಲಿ ಹಿಂದಕ್ಕೆ ಪಡೆಯಿತು. ಹಿಂದೆಗೆದದ್ದು ಸರಿಯೇ ಎಂದು ನನ್ನ ಅಭಿಪ್ರಾಯ. ಸರಕಾರಿ ಶಾಲೆಯಲ್ಲಿ ಸ್ವಇಚ್ಛೆ ಎಂಬುದು ಎರಡನೇ ತಿಂಗಳಿಗೆ ಪಟ್ಟಿಯಾಗುತ್ತದೆ, ಮೂರನೇ ತಿಂಗಳಿಗೆ ಕೊಡದವರ ಹೆಸರು ತರಗತಿಯಲ್ಲಿ ಓದಲಾಗುತ್ತದೆ. ಆದರೆ ಸುತ್ತೋಲೆ ಹೋದರೂ ಅದನ್ನು ಹುಟ್ಟಿಸಿದ ಕೊರತೆ ಹೋಗಲಿಲ್ಲ. ಆ ಜಾಗ ತುಂಬಲು ಕಮಾನು ಕಟ್ಟಿಸುವ ದಾನಿಗಳು ಬರುತ್ತಾರೆ. ಕಮಾನು, ಟ್ಯಾಂಕು, ಟಿವಿ ಕೊಡುವವರಿದ್ದಾರೆ. ಫಿನಾಯಿಲ್ ಕೊಡುವ ದಾನಿ ಸಿಕ್ಕಿಲ್ಲವಂತೆ. ಅದರ ಮೇಲೆ ಹೆಸರು ಬರೆಯಲು ಜಾಗವಿಲ್ಲ.

ಮೇಜಿನ ಮೇಲೆ ಎರಡು ಹಾಜರಿ ಪುಸ್ತಕಗಳಿದ್ದವು. ಒಂದರಲ್ಲಿ ಹೆಸರಿನ ಮುಂದೆ ಕೆಜಿಐಡಿ ಸಂಖ್ಯೆ. ಅದು ಇದ್ದವರು ಕಾಯಂ. ಇನ್ನೊಂದು ತೆಳ್ಳಗಿನ ಪುಸ್ತಕ, ಅದರಲ್ಲಿ ಹೆಸರು ಮತ್ತು ಸಹಿ ಮಾತ್ರ. ಅತಿಥಿ ಶಿಕ್ಷಕರದ್ದು.

ಶಾಲೆಯ ಅತಿ ದೊಡ್ಡ ಖರ್ಚು ಈ ಎರಡು ಪುಸ್ತಕಗಳಲ್ಲಿದೆ. 2025-26ರ ರಾಜ್ಯ ಬಜೆಟ್ಟಿನಲ್ಲಿ ಶಿಕ್ಷಣಕ್ಕೆ 45,286 ಕೋಟಿ ರೂಪಾಯಿ ಎಂದು ಓದಿದಾಗ ನಮ್ಮ ಕಣ್ಣಿಗೆ ಕಟ್ಟಡ ಬರುತ್ತದೆ, ಆದರೆ ಅದರ ಬಹುಪಾಲು ಪಗಾರ. ಗೇಟಿನಿಂದ ಇಲ್ಲಿಯವರೆಗೆ ಗೋಡೆ, ಕಲ್ಲು, ತಗಡು ಎಲ್ಲೆಲ್ಲೂ ದುಡ್ಡಿನ ಮೂಲದ ಹೆಸರು ಓದುತ್ತ ಬಂದಿದ್ದೆ. ಪಗಾರದ ಹೆಸರು ಮಾತ್ರ ಎಲ್ಲೂ ಇರಲಿಲ್ಲ.

ಕಾಯಂ ಪ್ರಾಥಮಿಕ ಶಿಕ್ಷಕರ ಮೂಲ ವೇತನ 2018ರ ಶ್ರೇಣಿಯಲ್ಲಿ 25,800ರಿಂದ ಆರಂಭವಾಗುತ್ತಿತ್ತು. ಏಳನೇ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಯಾದ ಮೇಲೆ 40 ಸಾವಿರ ದಾಟಿದೆ, ಅದರ ಮೇಲೆ ತುಟ್ಟಿಭತ್ಯೆ, ಮನೆ ಬಾಡಿಗೆ. ಇದು ಹೆಚ್ಚಾಯಿತೆಂದು ಕಟ್ಟೆಯ ಮೇಲೆ ಕೂತವರು ಹೇಳುವುದನ್ನು ಕೇಳಿದ್ದೇನೆ. 2025ರ ದಸರೆ ರಜೆಯನ್ನು ಇವರೇ ಮನೆಮನೆ ತಿರುಗಿ ಸಮೀಕ್ಷೆಯ ಪ್ರಶ್ನೆ ಕೇಳುತ್ತ ಕಳೆದರು. ಮತಪಟ್ಟಿ, ಮತಗಟ್ಟೆ, ಮೊಟ್ಟೆಯ ಲೆಕ್ಕ ಎಲ್ಲವೂ ಇವರ ತಲೆಯ ಮೇಲೆ. ಪಗಾರ ಹೆಚ್ಚೆಂದು ನನಗನಿಸುವುದಿಲ್ಲ. 2006ರ ಏಪ್ರಿಲ್‌ನಿಂದ ಸೇರಿದವರಿಗೆ ಹಳೆಯ ಪಿಂಚಣಿಯೂ ಇಲ್ಲ, ಹೊಸ ಪಿಂಚಣಿ ಯೋಜನೆಯಾದ ಎನ್‌ಪಿಎಸ್‌ಗೆ ತಿಂಗಳು ತಿಂಗಳು ಕಡಿತವಾಗುತ್ತದೆ.

ನನ್ನ ತಕರಾರು ಎರಡನೇ ಪುಸ್ತಕದ್ದು. ಮುಖ್ಯ ಗುರುಗಳ ತರಗತಿ ನೋಡಿಕೊಳ್ಳುತ್ತಿದ್ದ ಅಕ್ಕೋರ ಹೆಸರು ಅದರಲ್ಲಿತ್ತು. ಆ ಕೋಣೆಗೆ ಹೋಗಿ ಕೊನೆಯ ಬೆಂಚಿನಲ್ಲಿ ಕೂತೆ. ಆರು ಮತ್ತು ಏಳನೇ ಇಯತ್ತೆ ಒಟ್ಟಿಗೆ. ಅರ್ಧ ಹಲಗೆಯಲ್ಲಿ ಆರನೆಯವರಿಗೆ ಭಿನ್ನರಾಶಿ ಬರೆದುಕೊಟ್ಟು, ಇನ್ನರ್ಧದಲ್ಲಿ ಏಳನೆಯವರಿಗೆ ಬಡ್ಡಿ ಲೆಕ್ಕ. ಹಿಂದಿನ ಬೆಂಚಿನ ಹುಡುಗನೊಬ್ಬ ತನ್ನದಲ್ಲದ ಅರ್ಧದ ಲೆಕ್ಕವನ್ನು ಮಾಡಿ ಕೂತಿದ್ದ. ಅವರು ನೋಡಿ ಗದರಲಿಲ್ಲ, ಉತ್ತರ ಸರಿಯಿದೆ ಎಂದು ತಲೆ ತಟ್ಟಿ ಮುಂದೆ ಹೋದರು. ಪಾಠ ಚೆನ್ನಾಗಿತ್ತು. ಪಕ್ಕದ ಕೋಣೆಯ ಕಾಯಂ ಶಿಕ್ಷಕರದ್ದೂ ಚೆನ್ನಾಗಿತ್ತು. ಬಾಗಿಲ ಹೊರಗೆ ನಿಂತು ಕೇಳಿದರೆ ಯಾರು ಯಾವ ಪುಸ್ತಕದವರೆಂದು ಹೇಳಲಾಗದು.

ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರಿಗೆ ಗೌರವಧನ 10 ಸಾವಿರ ಇದ್ದದ್ದು 2025ರ ಬಜೆಟ್ಟಿನಲ್ಲಿ 2 ಸಾವಿರ ಏರಿ 12 ಸಾವಿರ ಆಯಿತು, ಪ್ರೌಢಶಾಲೆಯಲ್ಲಿ ಹನ್ನೆರಡೂವರೆ ಸಾವಿರ. ನೇಮಕ ಜೂನ್‌ನಿಂದ ಮಾರ್ಚ್‌ವರೆಗೆ. ಏಪ್ರಿಲ್, ಮೇ ಸೊನ್ನೆ. ಹತ್ತು ತಿಂಗಳ ಒಂದು ಲಕ್ಷ 20 ಸಾವಿರವನ್ನು ಹನ್ನೆರಡು ತಿಂಗಳಿಗೆ ಹಂಚಿದರೆ ತಿಂಗಳಿಗೆ ಮತ್ತೆ 10 ಸಾವಿರವೇ. ಇದೇ ಸರಕಾರದಲ್ಲಿ ಅತಿ ಕೆಳಗಿನ ಕಾಯಂ ನೌಕರನ ಮೂಲ ವೇತನ 2024ರಿಂದ 27 ಸಾವಿರ. ಇಂಥ ಅತಿಥಿಗಳು 2025-26ರಲ್ಲಿ ರಾಜ್ಯದ ಪ್ರಾಥಮಿಕ ಮತ್ತು ಪ್ರೌಢಶಾಲೆಗಳಲ್ಲಿ ಸುಮಾರು 51 ಸಾವಿರ. ಐವತ್ತು ಸಾವಿರ ಜನರಿಲ್ಲದೆ ಶಾಲೆ ನಡೆಯುವುದಿಲ್ಲ ಎಂದಾದರೆ ಅವರು ಅತಿಥಿಗಳು ಹೇಗಾದರು?

ಉಳಿದದ್ದನ್ನು ಬೇಗ ಮುಗಿಸಿದೆ. ಸ್ಮಾರ್ಟ್ ತರಗತಿಯ ಟಿವಿ ನಡೆಯುತ್ತದೆ, ಇಂಟರ್ನೆಟ್ ಮಾಸ್ತರರ ಮೊಬೈಲಿನದು. ಗಂಡು ಹುಡುಗರ ಶೌಚಾಲಯದಲ್ಲಿ ನೀರಿತ್ತು. ಹೆಣ್ಣುಮಕ್ಕಳ ಕಡೆ ನಾನು ಹೋಗಲಿಲ್ಲ. ತೊಳೆಯಲು ಬರುವವರಿಗೆ ಕೊಡುವುದು ಅದೇ 25 ಸಾವಿರದೊಳಗಿನ ಹತ್ತನೇ ಪಾಲಿನಿಂದ.

ಸಂಜೆ ಗಂಟೆ ಹೊಡೆದ ಕೂಡಲೇ ಅತಿಥಿ ಅಕ್ಕೋರು ಚೀಲ ಹೆಗಲಿಗೇರಿಸಿ ಹೊರಟರು. ಕಾಯಂ ಶಿಕ್ಷಕರು ಬೈಕು ಹತ್ತುವ ಮೊದಲು ಪ್ರಗತಿ ದಾಖಲೆ ಬರೆಯುತ್ತ ಕೂತಿದ್ದರು. ಬಸ್ ನಿಲ್ದಾಣದವರೆಗೆ ಅಕ್ಕೋರ ಜೊತೆ ನಡೆದೆ. ಬೇಗ ಹೊರಡುವುದು ಕಂಡು ತಪ್ಪು ತಿಳಿಯಬೇಡಿ, ಗೋಕಾಕದ ಕಡೆಯ ಬಸ್ಸು ತಪ್ಪಿದರೆ ಮುಂದಿನದು ಕತ್ತಲಾದ ಮೇಲೆ ಎಂದರು. 2023ರ ಜೂನ್ 11ರಂದು ಹೆಂಗಸರಿಗೆ ಬಸ್ಸು ಉಚಿತ ಮಾಡಿದ ಶಕ್ತಿ ಯೋಜನೆ ಬಂದ ಮೇಲೆ ಅವರಿಗೆ ಟಿಕೆಟ್ ಖರ್ಚಿಲ್ಲ. ಅದಕ್ಕೆ ಮುಂಚೆ ಗೌರವಧನದಲ್ಲಿ ಒಂದು ಭಾಗ ಬಸ್ಸಿಗೇ ಹೋಗುತ್ತಿತ್ತಂತೆ. ಶಿಕ್ಷಣ ಇಲಾಖೆ ಕೊಡದ ಪಗಾರದ ಒಂದಿಷ್ಟನ್ನು ಸಾರಿಗೆ ಸಂಸ್ಥೆ ಕೊಡುತ್ತಿದೆ ಎಂದು ನಾನು ಹೇಳಿದೆ. ಅವರಿಗೆ ಅದು ತಮಾಷೆಯಾಗಿ ಕಾಣಲಿಲ್ಲ. ಗಂಡಸು ಅತಿಥಿ ಶಿಕ್ಷಕರೊಬ್ಬರು ಹೋದ ವರ್ಷ ಈ ಬಸ್ಸಿನ ಖರ್ಚಿನ ಕಾರಣಕ್ಕೇ ಬಿಟ್ಟುಹೋದರು, ಈಗ ಸಕ್ಕರೆ ಕಾರ್ಖಾನೆಯ ತೂಕದ ಮನೆಯಲ್ಲಿದ್ದಾರೆ ಎಂದರು.

ಜೂನ್‌ನಲ್ಲಿ ಮತ್ತೆ ಅರ್ಜಿ ಹಾಕಬೇಕು. ವರ್ಗಾವಣೆಯಲ್ಲಿ ಯಾರಾದರೂ ಕಾಯಂ ಶಿಕ್ಷಕರು ಈ ಹುದ್ದೆಗೆ ಬಂದರೆ ಅರ್ಜಿಯೂ ಇಲ್ಲ. ಬರಲಿ ಅನಿಸುತ್ತದೋ ಬೇಡ ಅನಿಸುತ್ತದೋ ಎಂದು ಕೇಳಿದೆ. ಕೇಳಬಾರದಿತ್ತೇನೋ. ಅವರು ಬಸ್ಸು ಬರುವ ದಿಕ್ಕಿಗೆ ಒಮ್ಮೆ ನೋಡಿ, “ಹುಡುಗ್ರ ಸಲುವಾಗಿ ಬರಲಿ ಅನಸ್ತದ್ರಿ ಸರ. ಮನೀಗ ಹೋಗಿ ಖರ್ಚಿನ ಪುಸ್ತಕ ತಗದ್ರ ಬ್ಯಾಡ ಅನಸ್ತದ” ಎಂದರು.